ಪೋಡಿಗೆ ಹೋದ ನರ್ಸಮ್ಮನ ಪೇಚಾಟ

ಕಾಡಿಗೆ ಡ್ಯೂಟಿಗೆ ಹೋಗುವವರು ನಾಲ್ಕು ಮಾತು ಕಲಿಸಿ ಬರುತ್ತೇವೆ ಅಂದುಕೊಂಡು ಹೋಗುತ್ತಾರೆ, ನಗೆಪಾಟಲಾಗಿ ಬರುತ್ತಾರೆ. ನಾನಂತೂ ಹನ್ನೊಂದು ವರ್ಷದಿಂದ ತಪ್ಪದೆ ನಗೆಪಾಟಲಾಗುತ್ತಿದ್ದೇನೆ. ಹುಟ್ಟಿದ್ದು ಕೊಳ್ಳೇಗಾಲದ ಹತ್ತಿರ ಧನಗೆರೆಯ ಗದ್ದೆ ಬಯಲಲ್ಲಿ. ನರ್ಸ್ ಕೆಲಸ ಯಳಂದೂರಿನಿಂದ ಮೇಲಕ್ಕೆ, ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ. ಪೋಡು ಅಂದರೆ ಕಾಡಿನ ಸೋಲಿಗ ಜನರ ಹಾಡಿ, ಪುಟ್ಟ ಊರು.

೧. ಸೊಪ್ಪು

ಹೋದ ಹೊಸತು. ಹೆಂಗಸರನ್ನೆಲ್ಲ ಕೂರಿಸಿ ಬಣ್ಣದ ಚಾರ್ಟ್ ಬಿಚ್ಚಿದೆ. "ರಕ್ತ ಹೆಚ್ಚಬೇಕಾದರೆ ಸೊಪ್ಪು ತಿನ್ನಬೇಕು. ನೀವು ಯಾವ್ಯಾವ ಸೊಪ್ಪು ತಿಂತೀರಿ?"

ಒಬ್ಬ ಅಜ್ಜಿ ಶುರು ಮಾಡಿದರು. ಅಣ್ಣೆ ಸೊಪ್ಪು, ಕಿರಕೀಲೆ, ಗಣಿಕೆ, ಒಂದೆಲಗ... ಬರೆದುಕೊಳ್ಳುತ್ತಾ ಹೋದೆ. ಹಾಳೆ ತುಂಬಿತು. ಹಿಂದೆ ತಿರುಗಿಸಿದೆ, ಅದೂ ತುಂಬಿತು.

"ಇವು ಮಳೆಗಾಲದವು ಕಣವ್ವ," ಅಂದರು ಅಜ್ಜಿ. "ನಿಮ್ಮೂರಲ್ಲಿ ಏನೇನ್ ತಿಂತೀರಿ?"

"ದಂಟು, ಮೆಂತ್ಯ, ಪಾಲಕ್..." ಮೂರಕ್ಕೇ ನಿಂತೆ.

ಅಜ್ಜಿ ಎದ್ದು ಬಂದು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. "ಪಾಪ, ಇವ್ಳಿಗೇ ರಕ್ತ ಇಲ್ಲ ಕಣ್ರವ್ವ!" ಅಂತ ನನ್ನ ಬ್ಯಾಗಿಗೆ ಎರಡು ಹಿಡಿ ಸೊಪ್ಪು ತುರುಕಿದರು.

೨. ವಯಸ್ಸು

ಕಾರ್ಡಿಗೆ ಬರೆಯಲು ಒಬ್ಬ ಅಜ್ಜನ ವಯಸ್ಸು ಕೇಳಿದೆ.

"ಬಿದ್ರು ಹೂ ಬುಟ್ಟಾಗ ನಾನು ಅವ್ವನ ಬೆನ್ನ ಮ್ಯಾಲಿದ್ದೆ. ತಿರ್ಗಾ ಬುಟ್ಟಾಗ ಮೊಮ್ಮಗ ನನ್ ಬೆನ್ನ ಮ್ಯಾಲಿದ್ದ. ನೀನೇ ಲೆಕ್ಕ ಆಕ್ಕೊ."

ಬಿದಿರು ಹೂ ಬಿಡುವುದೇ ನಲವತ್ತು ಚಿಲ್ಲರೆ ವರ್ಷಕ್ಕೊಮ್ಮೆ. ನಾನು ಬೆರಳು ಮಡಚುತ್ತಿರುವಾಗ ಅಜ್ಜ ಕೇಳಿದರು, "ನೀನು ಎಷ್ಟ್ ಹೂ ಕಂಡಿದ್ದೀಯವ್ವ?"

"ಒಂದೇ, ಅಜ್ಜ."

"ಅಂಗಾರೆ ಇನ್ನೂ ಕೂಸು, ಬುಡು."

ಆ ಖುಷಿಯಲ್ಲಿ ಅವರ ವಯಸ್ಸು ಬರೆಯುವುದನ್ನೇ ಮರೆತು ಬಂದೆ.

೩. ಭಾವ

ರಂಗನಾಥಸ್ವಾಮಿ ಸೋಲಿಗರ ಹೆಣ್ಣನ್ನು ಮದುವೆಯಾದ ಅನ್ನುತ್ತಾರೆ. ಬೆಟ್ಟದ ಗುಡಿಯಲ್ಲಿ ಸಾಲಿನಲ್ಲಿ ನಿಂತಿದ್ದೆ. ಮುಂದಿದ್ದ ಆ ಬಿದಿರು ಹೂವಿನ ಅಜ್ಜ ದೇವರನ್ನು ನೋಡಿ, "ಏನ್ ಭಾವ, ಚೆಂದಾಗಿದ್ದೀಯಾ?" ಅಂದರು.

ಪ್ಯಾಂಟು ಹಾಕಿದ್ದ ಭಕ್ತರೊಬ್ಬರು ಕೆರಳಿದರು. "ದೇವರನ್ನ ಹಿಂಗಾ ಮಾತಾಡ್ಸೋದು?"

"ನಮ್ಮ ಮನೆ ಹೆಣ್ಣ ಕಟ್ಕಂಡವ್ನೆ ಸಾ," ಅಂದರು ಅಜ್ಜ. "ಭಾವ ಅನ್ನದೆ ಇನ್ನೇನ್ ಸಾಯೇಬ್ರೆ ಅನ್ಬೇಕಾ?"

೪. ಆನೆ

ಇದು ಮಾತ್ರ ಸಾಯುವ ತನಕ ಮರೆಯುವ ಹಾಗಿಲ್ಲ. ಕಾಡಿನೊಳಗಿನ ಪೋಡಿನಲ್ಲಿ ಏಳು ಕೂಸುಗಳಿಗೆ ಲಸಿಕೆ ಹಾಕಬೇಕಿತ್ತು. ಐಸ್ ಇಟ್ಟ ಲಸಿಕೆ ಡಬ್ಬ ನನ್ನ ಹೆಗಲಲ್ಲಿ. ದಾರಿ ತೋರಿಸಲು ಮುಂದೆ ಆ ಸೊಪ್ಪಿನ ಅಜ್ಜಿ. ಒಂದು ತಿರುವಿನಲ್ಲಿ ಅಜ್ಜಿ ಕೈ ಅಡ್ಡ ಹಿಡಿದರು.

"ಅಳ್ಳಾಡ್ಬ್ಯಾಡ. ಆನೆ."

ದಾರಿಗೆ ಅಡ್ಡ, ಒಂಟಿ ಸಲಗ. ನಾನು ಅಲ್ಲಾಡಲಿಲ್ಲ, ಹಾರಿದೆ. ಡಬ್ಬ ದಾರಿಯಲ್ಲಿ, ನಾನು ಸೀರೆ ಸಮೇತ ಪಕ್ಕದ ಮರದಲ್ಲಿ. ಹೇಗೆ ಹತ್ತಿದೆನೋ ಇವತ್ತಿಗೂ ಗೊತ್ತಿಲ್ಲ. ಅದು ಡಬ್ಬ ತುಳಿದರೆ ಏಳು ಮಕ್ಕಳ ಲಸಿಕೆ ಮಣ್ಣುಪಾಲು. ಮೇಲೆ ಕೂತೇ ಅಳು ಬಂತು.

ಅಜ್ಜಿ ನಿಂತಲ್ಲೇ ನಿಂತು ಆನೆಗೆ ಮೆಲ್ಲಗೆ ಏನೋ ಹೇಳಿದರು. ಅದು ಕಿವಿ ಬೀಸಿತು, ಡಬ್ಬದ ಕಡೆ ನೋಡಿತು, ತಿರುಗಿ ಮೆಳೆಯೊಳಗೆ ನುಗ್ಗಿ ಹೋಯಿತು.

ಇಳಿದು ಬಂದು ಕೈ ಮುಗಿದೆ. "ಅಜ್ಜಿ, ಅದೇನು ಮಂತ್ರ ಹೇಳಿದಿರಿ?"

"ಮಂತ್ರ ಯಾಕವ್ವ," ಅಂದರು ಅಜ್ಜಿ, ಡಬ್ಬದ ಧೂಳು ಕೊಡವುತ್ತಾ. "ಸೂಜಿ ಚುಚ್ಚೋ ನರ್ಸಮ್ಮ ಬಂದವ್ಳೆ ಕಣಪ್ಪ ಅಂದೆ. ಓಡೋಯ್ತು."