ಆಗಲಿರಾಯನ ತಪ್ಪೊಪ್ಪಿಗೆಗಳು

ಮದುವೆಯಾದ ಹೊಸತರಲ್ಲಿ ಆಗಲಿರಾಯ ಹೆಂಡತಿಗೆ ಒಂದು ಮಾತು ಕೊಟ್ಟಿದ್ದ: ಯಾವತ್ತಾದರೂ ಒಂದು ದಿನ, ಯಾರಿಗಾದರೂ, ಮುಖಕ್ಕೆ ಮುಖ ಕೊಟ್ಟು 'ಇಲ್ಲ' ಅನ್ನುತ್ತೇನೆ. ಅದನ್ನೂ ಅವನಾಗಿ ಕೊಟ್ಟದ್ದಲ್ಲ. ಅವಳು ಕೇಳಿದಳು, ಇವನು 'ಆಗಲಿ' ಅಂದುಬಿಟ್ಟ.

ಆಮೇಲೆ ಮಗಳು ಹುಟ್ಟಿ, ಬೆಳೆದು, ದೊಡ್ಡ ಪರೀಕ್ಷೆಗೆ ಕೂರುವಷ್ಟಾದಳು. 'ಇಲ್ಲ' ಎಂಬುದೊಂದು ಮಾತ್ರ ನೀರಿಲ್ಲದೆ ನುಂಗಿದ ಗುಳಿಗೆಯ ಹಾಗೆ ಅವನ ಗಂಟಲಲ್ಲೇ ಕೂತಿತ್ತು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಬೀದಿಯವರೂ ಕೆಲಸದವರೂ ಸೇರಿ 'ಆಗಲಿರಾಯ' ಎಂದು ಬದಲಾಯಿಸಿದ್ದರು. ಅದಕ್ಕೂ ಅವನು ಆಗಲಿ ಅಂದಿದ್ದ.

ಅವತ್ತು ಬೆಳಿಗ್ಗೆ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

“ರೀ, ಸಂಜೆ ನನ್ನ ತಮ್ಮ ಬರ್ತಾನೆ. ಅವನ ಹೊಸ ಮನೆ ಮುಗಿಯೋವರೆಗೂ ಮಗಳ ಕೋಣೇಲಿ ಇರ್ತಾನಂತೆ. ಆ ಮನೆಗಿನ್ನೂ ಪಾಯಾನೇ ತೋಡಿಲ್ಲ! ಹುಡುಗಿ ಎಲ್ಲಿ ಕೂತು ಓದಬೇಕು, ಬಚ್ಚಲಲ್ಲಾ?”

“ನೀನೇ ಹೇಳಬಹುದಲ್ಲ...”

“ನಾನು ಹೇಳಿದ್ರೆ ಅಕ್ಕಂಗೆ ಮುನಿಸು ಅಂತ ನಗ್ತಾನೆ. ನೀವೇ ಹೇಳಬೇಕು. ಒಂದೇ ಮಾತು, 'ಇಲ್ಲ'. ಹೇಳ್ತೀರಾ?”

“ಆಗಲಿ.”

ಒಳಗಿನಿಂದ ಮಗಳ ದನಿ ಬಂತು: “ಅಪ್ಪಾ, ಇವತ್ತು ಮಾಮಂಗೆ ಆಗಲಿ ಅಂದ್ರೆ, ನಾಳೆ ನಾನು ಫೇಲಾದಾಗ್ಲೂ ಆಗಲಿ ಅನ್ಬೇಕು ನೋಡು.”

ಆಗಲಿರಾಯ ಕಾಲೇಜಿನ ಮನಶ್ಶಾಸ್ತ್ರ ವಿಭಾಗದಲ್ಲಿ ಪ್ರಯೋಗಾಲಯದ ಸಹಾಯಕ. ಅಲ್ಲಿನ ಪ್ರೊಫೆಸರಮ್ಮ ಸಂಶೋಧನೆ ಮಾಡುತ್ತಿದ್ದದ್ದು, ತಪ್ಪೇ ಮಾಡದವರು ಪೊಲೀಸರ ಮುಂದೆ ತಪ್ಪೊಪ್ಪಿಕೊಳ್ಳುವುದು ಯಾಕೆ ಅಂತ. ಬಂದವರನ್ನು ಕಂಪ್ಯೂಟರಿನ ಮುಂದೆ ಕೂರಿಸಿ, 'ಈ ಕೆಂಪು ಗುಂಡಿ ಮಾತ್ರ ಒತ್ತಬೇಡಿ' ಅನ್ನುವುದು. ತುಸು ಹೊತ್ತಿಗೆ ಯಂತ್ರ ತಾನಾಗಿಯೇ ಕೆಟ್ಟು ನಿಲ್ಲುತ್ತದೆ. ಆಗ 'ನೀವೇ ಒತ್ತಿದ್ದು' ಎಂದು ಗದರಿ, ಎಷ್ಟು ಜನ ಒಪ್ಪುತ್ತಾರೆ ನೋಡುವುದು. ಯಂತ್ರ ಕೆಡುವ ಹಾಗೆ ತಂತಿ ಜೋಡಿಸುತ್ತಿದ್ದವನು ಆಗಲಿರಾಯನೇ.

ಅವತ್ತು ಬರಬೇಕಾದ ವಿದ್ಯಾರ್ಥಿ ಬರಲಿಲ್ಲ.

“ನೀವೇ ಕೂತ್ಕೊಳ್ಳಿ,” ಅಂದರು ಪ್ರೊಫೆಸರಮ್ಮ. “ಗುಟ್ಟು ಗೊತ್ತಿರೋರು ಹೇಗೂ ಒಪ್ಪಲ್ಲ. ಹೋಲಿಸಿ ನೋಡೋಕೆ ಅಂಥವರೂ ಒಬ್ಬರು ಬೇಕು.”

ಯಂತ್ರ ನಿಂತಿತು. ಅವರು ಮೇಜು ಗುದ್ದಿದರು. “ಒತ್ತಿದ್ದು ನೀವೇ ಅಲ್ವಾ?”

ದೊಡ್ಡವರು, ಇಷ್ಟು ಆಸೆಯಿಂದ ಕೇಳುತ್ತಿದ್ದಾರೆ, ಇಲ್ಲ ಅನ್ನುವುದು ಹೇಗೆ? “ನಿಮಗೆ ಹಾಗನ್ನಿಸಿದ್ರೆ ಹೌದು ಮೇಡಂ.”

“ಅಲ್ರೀ, ತಂತಿ ಜೋಡಿಸಿದ್ದು ನೀವೇ! ಗುಂಡಿಗೂ ಯಂತ್ರಕ್ಕೂ ಸಂಬಂಧ ಇಲ್ಲ ಅಂತ ಗೊತ್ತಲ್ವಾ?”

“ಗೊತ್ತು ಮೇಡಂ. ಆದ್ರೂ ಒತ್ತಿರಬಹುದು.”

ಪ್ರೊಫೆಸರಮ್ಮನ ಮುಖ ನಿಧಿ ಸಿಕ್ಕವರ ಮುಖದಂತಾಯಿತು. ಅಕ್ಕಪಕ್ಕದ ವಿಭಾಗದವರನ್ನೆಲ್ಲ ಕೂಗಿ ಕರೆದರು. ಮಧ್ಯಾಹ್ನದ ಹೊತ್ತಿಗೆ ಪ್ರಯೋಗಾಲಯ ಸರ್ಕಸ್ಸಿನ ಡೇರೆಯಾಗಿತ್ತು. ಗ್ರಂಥಪಾಲಕರು ನಿಘಂಟಿನ ಹಾಳೆ ಹರಿದದ್ದು ನೀನೇನಾ ಅಂದರು, ಒಪ್ಪಿದ. ಕ್ಯಾಂಟೀನಿನವನು ಕಳುವಾದ ತನ್ನ ಚಮಚಗಳ ಬಗ್ಗೆ ಕೇಳಿದ, ಒಪ್ಪಿದ. ಚಮಚ ಎಲ್ಲಿಟ್ಟಿದ್ದೀಯ ಎಂದಾಗ, “ಎಲ್ಲಿಟ್ಟಿದ್ರೆ ನಿಮಗೆ ಅನುಕೂಲ?” ಅಂದ.

ಅದೇ ಹೊತ್ತಿಗೆ, ಸಭಾಂಗಣದಿಂದ ಕಾಣೆಯಾದ ಪ್ರೊಜೆಕ್ಟರಿನ ವಿಚಾರಣೆಗೆ ಇನ್ಸ್‌ಪೆಕ್ಟರು ಬಂದಿದ್ದರು. ಕಾವಲುಗಾರ ಸಲಾಮು ಹೊಡೆದು, “ಸಾರ್, ಮೇಲೊಬ್ರು ಬೆಳಿಗ್ಗೆಯಿಂದ ಎಲ್ಲಾ ಒಪ್ಕೊಳ್ತಾ ಕೂತಿದ್ದಾರೆ. ಇದನ್ನೂ ಒಂದ್ಸಲ ಕೇಳಿ ನೋಡಿ” ಅಂದ.

ಕೇಳಿದರು. ಆಗಲಿರಾಯ ಒಪ್ಪಿದ. ಠಾಣೆಗೆ ನಡಿ ಅಂದರು. ಅದಕ್ಕೂ ಆಗಲಿ ಅಂದ.

ಜೀಪಿನಲ್ಲಿ ಕೂತ ಮೇಲೆ ಅವನಿಗೆ ಸಂಜೆಯ ನೆನಪಾಯಿತು. ಭಾವಮೈದುನ ಹೊರಟಿರುತ್ತಾನೆ. ಮಗಳು ಪುಸ್ತಕ ಹರಡಿಕೊಂಡು ಬಾಗಿಲ ಕಡೆ ನೋಡುತ್ತಿರುತ್ತಾಳೆ. ಈವರೆಗೆ ಆಡದ ಮಾತು ಸಂಜೆ ದಿಢೀರನೆ ಬಾಯಿಗೆ ಬಂದೀತೇ? ಅಷ್ಟರೊಳಗೆ ಒಂದು ಸಲವಾದರೂ, ಯಾರ ಮೇಲಾದರೂ, ಅಂದು ಅಭ್ಯಾಸ ಮಾಡಿಕೊಳ್ಳಬೇಕು. ದಾರಿಯುದ್ದಕ್ಕೂ ತುಟಿಯೊಳಗೇ ಇಲ್ಲ, ಇಲ್ಲ ಎಂದು ಜಪ ಮಾಡಿದ.

ಅವನ ಹಿಂದೆಯೇ ಪ್ರೊಫೆಸರಮ್ಮ ಏದುಸಿರು ಬಿಡುತ್ತ ಠಾಣೆಗೆ ನುಗ್ಗಿದರು.

“ಸಾರ್, ಇವರು ಏನೂ ಕದ್ದಿಲ್ಲ! ಇವರ ನಾಲಿಗೆಗೆ ಇಲ್ಲ ಅನ್ನೋಕೇ ಬರಲ್ಲ. ಇದು ವೈಜ್ಞಾನಿಕ ಸತ್ಯ. ಏನು ಬೇಕಾದ್ರೂ ಕೇಳಿ, ಹೌದು ಅಂತಾರೆ!”

ಇನ್ಸ್‌ಪೆಕ್ಟರು ಕೆಟ್ಟವರಲ್ಲ. “ಹಾಗೇನಾದ್ರೂ ಇದ್ರೆ ಈಗಲೇ ಮನೆಗೆ ಕಳಿಸ್ತೀನಿ ಮೇಡಂ,” ಎಂದು ಕಿಟಕಿಯಾಚೆ ಬೆರಳು ತೋರಿಸಿದರು. ಚೌಕದ ಮಧ್ಯೆ ಗಡಿಯಾರದ ಗೋಪುರ ಕಂಬದ ಹಾಗೆ ನಿಂತಿತ್ತು. “ಏನಯ್ಯಾ, ಆ ಗೋಪುರ ಕದ್ದೋನೂ ನೀನೇನಾ?”

ಪ್ರೊಫೆಸರಮ್ಮ ಗೆದ್ದವರಂತೆ ನಕ್ಕರು.

ಆಗಲಿರಾಯ ಎದ್ದು ನಿಂತ. ಬೆವರಿದ. ಕಣ್ಣು ಮುಚ್ಚಿದ. ಮಗಳ ಮುಖ ಕಂಡಿತು.

“ಇಲ್ಲ!” ಅಂದ.

ಪೇದೆಯ ಕೈಯಲ್ಲಿದ್ದ ಟೀ ತುಳುಕಿತು. ಅಷ್ಟು ಖಡಕ್ಕಾಗಿತ್ತು ಆ ಇಲ್ಲ.

ಇನ್ಸ್‌ಪೆಕ್ಟರು ನಿಧಾನವಾಗಿ ಕುರ್ಚಿಗೆ ಒರಗಿದರು. “ನೋಡಿದ್ರಾ ಮೇಡಂ? ಕದಿಯದ್ದನ್ನ ಕದ್ದಿಲ್ಲ ಅಂತ ಎಷ್ಟು ಚೆನ್ನಾಗಿ ಹೇಳ್ತಾನೆ! ಅಂದ ಮೇಲೆ, ಕದ್ದೆ ಅಂದಿದ್ದೆಲ್ಲ ಕದ್ದಿದ್ದೇ.”

ಪ್ರೊಫೆಸರಮ್ಮ ಸಂಶೋಧನೆ ಮರೆತು ಕಿರುಚಿದರು: “ಪ್ರೊಜೆಕ್ಟರಿಗೂ ಹಾಗೇ ಅನ್ರೀ!”

“ಅನ್ನಬಹುದಿತ್ತು ಮೇಡಂ,” ಆಗಲಿರಾಯ ಸಂಕೋಚದಿಂದ ಹೇಳಿದ. “ಆದ್ರೆ ಸಾಹೇಬ್ರು ಆಗಲೇ ಬರ್ಕೊಂಡುಬಿಟ್ಟಿದ್ದಾರೆ. ಪಾಪ, ಮತ್ತೆ ಹೊಡೆದುಹಾಕಬೇಕು.”

ಮನೆಗೊಂದು ಫೋನು ಮಾಡಲು ಬಿಟ್ಟರು.

“ಎಲ್ಲಿದ್ದೀರಿ? ತಮ್ಮ ಪೆಟ್ಟಿಗೆ ಸಮೇತ ಬಂದು ಕೂತಿದ್ದಾನೆ. ಬೇಗ ಬಂದು ಇಲ್ಲ ಅನ್ನಿ!”

“ಅಂದೆ ಕಣೇ. ಈಗ ತಾನೇ ಅಂದೆ.”

“ಯಾರಿಗೆ?”

“ಇನ್ಸ್‌ಪೆಕ್ಟರಿಗೆ.”

ನಡೆದದ್ದನ್ನೆಲ್ಲ ಹೇಳಿದ. ಅವಳು ಅದನ್ನು ತಮ್ಮನಿಗೂ ಹೇಳಿದ್ದು ಫೋನಿನಲ್ಲೇ ಕೇಳಿಸಿತು. ಆಮೇಲೆ ಭಾವಮೈದುನನ ದನಿ: “ಅಯ್ಯೋ, ಭಾವ ಠಾಣೇಲಿದ್ದಾರಾ? ಹಾಗಾದ್ರೆ ಮನೆಗೊಂದು ಗಂಡುದಿಕ್ಕು ಬೇಡ್ವೇನಕ್ಕಾ? ನಾನಿರ್ತೀನಿ ಬಿಡು.” ಅದರ ಹಿಂದೆಯೇ ಮಗಳ ಕೋಣೆಯಲ್ಲಿ ಮೇಜು ಎಳೆದ ಸದ್ದು.

ಮದುವೆಯಾದ ಹೊಸತರಲ್ಲಿ ಕೊಟ್ಟ ಮಾತನ್ನು ಆಗಲಿರಾಯ ಅವತ್ತು ಉಳಿಸಿಕೊಂಡ.