ಅಸಲಿ ಸಮುದ್ರದ ನೀರು

ಸಮುದ್ರದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹುಟ್ಟಿದ್ದು ತುಮಕೂರಿನಲ್ಲಾದರೂ ಬ್ಯಾಂಕಿನ ಕೃಪೆಯಿಂದ ಮೂರು ವರ್ಷ ವಿಶಾಖಪಟ್ಟಣದಲ್ಲಿ ಇದ್ದವನು ನಾನು. ಅಲ್ಲಿಂದ ವಿಜಯವಾಡಕ್ಕೆ ವರ್ಗವಾದಾಗ ಒಂದು ಏಂಜೆಲ್ ಮೀನು ಕೊಂಡೆ. ನೀಲಿ ಮೈ, ಹಳದಿ ಗೀರು, ಮುಖದಲ್ಲಿ ರಾಜಗಾಂಭೀರ್ಯ. "ಒಂದು ತೊಟ್ಟಿಗೆ ಒಂದೇ ಸಾರ್. ಇನ್ನೊಂದನ್ನು ಬಿಟ್ಟರೆ ಹರಿದು ಹಾಕುತ್ತೆ" ಎಂದರು ವಿಶಾಖಪಟ್ಟಣದ ಮೀನಿನ ಅಂಗಡಿಯ ಅಪ್ಪಾರಾವ್ ಗಾರು. ನನ್ನ ಹೆಂಡತಿ ಶಾರದೆ ಮೀನನ್ನೂ ನನ್ನನ್ನೂ ನೋಡಿ, "ಮನೇಲಿ ಆಗಲೇ ಒಂದಿದೆಯಲ್ಲ" ಎಂದಳು.

ವಿಜಯವಾಡದಲ್ಲಿ ನಾವಿದ್ದ ಭವಾನಿಪುರಂನ ಸೆಕೆಗೆ ತೊಟ್ಟಿಯ ನೀರು ಆರಿ ಕಡಿಮೆಯಾಗುತ್ತಿತ್ತು. ಕೃಷ್ಣೆ ಪಕ್ಕದಲ್ಲೇ ಇದ್ದಾಳೆ, ನಿಜ. ಆದರೆ ಸಮುದ್ರದ ಮೀನಿಗೆ ಹೊಳೆ ನೀರೇ? ವಾರಾವಾರ ವಿಶಾಖಪಟ್ಟಣದ ಮನೆಗೆ ಹೋಗಿಬರುವ ಸಹೋದ್ಯೋಗಿ ಮೂರ್ತಿಗೆ ಕ್ಯಾನ್ ಕೊಟ್ಟೆ. ಸೋಮವಾರ ಬೆಳಿಗ್ಗೆ ಆತ ಬಂಗಾಳಕೊಲ್ಲಿಯನ್ನು ಹೊತ್ತು, ನನಗೆ ಹಿಡಿಶಾಪ ಹಾಕುತ್ತಾ ರೈಲಿಳಿಯುತ್ತಿದ್ದ. ವಿಚಿತ್ರವೆಂದರೆ ಮುಕ್ಕಾಲು ಕ್ಯಾನ್ ಹಾಗೇ ಉಳಿಯುತ್ತಿತ್ತು. ಅಸಲಿ ಸಮುದ್ರದ ನೀರು ಬೇಗ ಆರುವುದಿಲ್ಲವೆಂದು ಬ್ಯಾಂಕಿನಲ್ಲಿ ಉಪನ್ಯಾಸವನ್ನೇ ಕೊಟ್ಟೆ.

ಒಂದು ಭಾನುವಾರ ಶಾರದೆ ಫಿಲ್ಟರಿನ ಸಪ್ಪೆ ನೀರನ್ನು ಚೊಂಬಿನಲ್ಲಿ ತಂದು ತೊಟ್ಟಿಗೆ ಸುರಿಯುವುದು ಕಣ್ಣಿಗೆ ಬಿತ್ತು. ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. "ಕೊಲೆ ಮಾಡ್ತಿದ್ದೀಯ!" ಎಂದು ಕಿರುಚಿದ ರಭಸಕ್ಕೆ ಎದುರುಮನೆಯಾಕೆ "ಏಮೈಂದಂಡಿ?" ಎಂದು ಓಡಿಬಂದರು. ಶಾರದೆ ಏನೋ ಹೇಳಹೊರಟಳು. ಕೇಳುವ ಸಹನೆ ಯಾರಿಗಿತ್ತು? ತೊಟ್ಟಿಯ ಮುಚ್ಚಳಕ್ಕೆ ಬೀಗ ಜಡಿದು, ಬೀಗದಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡೆ.

ಆ ವಾರ ಇಡೀ ಕ್ಯಾನ್ ಖಾಲಿಯಾಯಿತು. ಮುಂದಿನ ವಾರ ಮೂರ್ತಿಯಿಂದ ಎರಡು ಹೊರಿಸಿದೆ.

ಮೂರನೇ ವಾರ ಮೀನು ಊಟ ಬಿಟ್ಟಿತು. ಬಣ್ಣ ಮಾಸಿ, ಮೂಲೆ ಹಿಡಿದು ಏದುಸಿರು ಬಿಡತೊಡಗಿತು. ಸಾಯುತ್ತಿದೆ ಎಂಬುದು ನನಗೂ ಗೊತ್ತಾಗುತ್ತಿತ್ತು. ಸಂಕಟಕ್ಕೆ ಇನ್ನಷ್ಟು ಸಿಟ್ಟು ಬಂತು. ವಿಜಯವಾಡದ ಬಿಸಿಲನ್ನು ಬೈದೆ. ಮೋರಿಯ ಪಕ್ಕ ನೀರು ತುಂಬಿಸಿದ್ದೀಯ ಎಂದು ಮೂರ್ತಿಯನ್ನು ಬೈದೆ. ಕೊನೆಗೆ ಅಪ್ಪಾರಾವ್ ಗಾರಿಗೆ ಫೋನ್ ಮಾಡಿ, ಬಂದಷ್ಟು ತೆಲುಗಿನಲ್ಲಿ ರೋಗಿಷ್ಠ ಮೀನು ಮಾರಿದ್ದೀರಿ ಎಂದು ಹರಿಹಾಯ್ದೆ.

ಅವರು ಶಾಂತವಾಗಿ ಕೇಳಿದರು: "ಆರಿದ್ದಕ್ಕೆ ಯಾವ ನೀರು ಹಾಕ್ತೀರಿ ಸಾರ್?"

"ಅಸಲಿ ಸಮುದ್ರದ್ದು. ನಿಮ್ಮೂರಿಂದಲೇ ತರಿಸಿ ಹಾಕ್ತೀನಿ."

"ನೀರು ಆವಿಯಾಗಿ ಹೋಗುತ್ತೆ. ಉಪ್ಪು ಎಲ್ಲಿಗೆ ಹೋಗುತ್ತೆ? ಆರಿದಷ್ಟೂ ಸಪ್ಪೆ ನೀರು ಹಾಕಬೇಕು ಸಾರ್. ಇಷ್ಟು ತಿಂಗಳು ಅದು ಹೇಗೆ ಬದುಕಿತು?"

ಫೋನ್ ಸ್ಪೀಕರಿನಲ್ಲಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಾರದೆ ಹೇಳಿದಳು: "ನೀವು ಬ್ಯಾಂಕಿಗೆ ಹೋದ ಮೇಲೆ ದಿನಾ ಎರಡು ಚೊಂಬು ನಾನೇ ಹಾಕ್ತಿದ್ದೆ ಕಣ್ರೀ. ಸಾರು ಕುದ್ದು ಕುದ್ದು ಇಂಗಿದ್ರೆ ಉಪ್ಪಾಗುತ್ತೆ. ಅದಕ್ಕೆ ನೀರು ಹಾಕ್ತಾರೋ, ಇನ್ನಷ್ಟು ಸಾರು ಸುರೀತಾರೋ?"

ಜನಿವಾರದಿಂದ ಬೀಗದಕೈ ಬಿಚ್ಚಿ ಕೊಟ್ಟೆ. ಮೂರು ದಿನ ಅವಳು ಗಂಟೆಗೊಂದು ಲೋಟದಂತೆ ಉಪ್ಪಿನ ನೀರು ತೆಗೆದು ಸಪ್ಪೆ ನೀರು ಹಾಕಿದಳು. ನಾಲ್ಕನೇ ದಿನ ಮೀನು ಅವಳ ಕೈಯಿಂದ ತಿಂದಿತು. ನನ್ನ ಸಿಟ್ಟು ಮಾತ್ರ ಇಳಿದಿರಲಿಲ್ಲ. ಬೈಯಲು ಯಾರೂ ಉಳಿದಿರಲಿಲ್ಲ, ಅಷ್ಟೆ.

ಎದುರುಮನೆಯಾಕೆ ಕಥೆಯೆಲ್ಲ ಕೇಳಿ, "ಸಾರ್ ಏನು ಓದಿದ್ದಾರೆ?" ಎಂದು ವಿಚಾರಿಸಿದರಂತೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಎನ್ನಲು ನಾಚಿಕೆಯಾಗಿ, ಶಾರದೆ ಬಿ.ಕಾಂ. ಎಂದಳಂತೆ.