ಮಹಾರಾಜನ ಹನ್ನೊಂದು ನಿಮಿಷದ ಸಾವು

ಸೂಜಿಯಮ್ಮ ಮಹಾರಾಜನನ್ನು ಮೊದಲು ನೋಡಿದ ದಿನ ಅವನು ತೂತು ಬಿದ್ದ ಬನಿಯನ್ನಿನಲ್ಲಿ ಹೆಡ್‌ಮಾಸ್ತರರ ಕುರ್ಚಿಯ ಮೇಲೆ ಕೂತು, ಫ್ಯಾನು ತಿರುಗಲಿ ಎಂದು ಕಾವಲುಗಾರನಿಗೆ ಅಪ್ಪಣೆ ಮಾಡುತ್ತಿದ್ದ.

"ಕರೆಂಟಿಲ್ಲ ಸಾರ್," ಅಂದ ಕಾವಲುಗಾರ.

"ನಾನು ಕಾರಣ ಕೇಳಲಿಲ್ಲ. ಗಾಳಿ ಕೇಳಿದೆ."

ಈ ಮನುಷ್ಯ ರಂಗದ ಮೇಲೆ ಹತ್ತಿದವನು ಇನ್ನೂ ಕೆಳಗಿಳಿದಿಲ್ಲ ಅಂತ ಸೂಜಿಯಮ್ಮನಿಗೆ ಆಗಲೇ ಗೊತ್ತಾಯಿತು.

ಬೇಸಿಗೆ ರಜೆ. ಮಕ್ಕಳು ಬಿಟ್ಟುಹೋದ ಶಾಲೆಯನ್ನು ನಾಟಕದ ಕಂಪನಿ ಬಾಡಿಗೆಗೆ ಹಿಡಿದಿತ್ತು. ಶಾಲೆಯ ಸಭಾಂಗಣದಲ್ಲಿ ಮೂವತ್ತಾರು ಸಂಜೆ ಒಂದೇ ನಾಟಕ, ತರಗತಿಗಳಲ್ಲಿ ಎಲ್ಲರ ಬಿಡಾರ. ಫ್ಯಾನಿದೆ ಅಂತ ಹೆಡ್‌ಮಾಸ್ತರರ ಕೋಣೆಯನ್ನು ಮಹಾರಾಜ ಹಿಡಿದ. (ಊರಲ್ಲಿ ಅವನಿಗೊಂದು ಹೆಸರಿತ್ತಂತೆ. ಇಲ್ಲಿ ಹಲ್ಲುಜ್ಜುವಾಗಲೂ ಅವನು ಮಹಾರಾಜನೇ.) ಅವನ ತಾಯಿಯ ಪಾತ್ರದ ರಾಜಮಾತೆಗೆ ಏಳನೆಯ ತರಗತಿ. ಆಕೆ ಮಹಾರಾಜನಿಗಿಂತ ಎಂಟು ವರ್ಷ ಚಿಕ್ಕವಳು. ಈ ವಿಷಯವನ್ನು ದಿನಕ್ಕೆ ಎಂಟು ಸಲ ಹೇಳುತ್ತಿದ್ದಳು. ನಿರ್ದೇಶಕರಿಗೆ ಗ್ರಂಥಾಲಯ. ಬಟ್ಟೆಬರೆ ನೋಡಿಕೊಳ್ಳುವ ಸೂಜಿಯಮ್ಮನಿಗೆ ಪ್ರಯೋಗಶಾಲೆ. ಒಗೆಯಲು ಅಲ್ಲಿ ನಲ್ಲಿ, ತೊಟ್ಟಿ ಎರಡೂ ಇದ್ದವು. ಜೊತೆಗೆ ಮೂಲೆಯಲ್ಲಿ ಕೊಕ್ಕೆಗೆ ನೇತುಹಾಕಿದ ಒಂದು ಅಸ್ಥಿಪಂಜರ. ಇಡೀ ಕಂಪನಿಯಲ್ಲಿ ನೆಟ್ಟಗೆ ಸತ್ತವನು ಅವನೊಬ್ಬನೇ. ಅವನಿಂದ ಅವಳಿಗೆ ಒಂದು ದಿನವೂ ತೊಂದರೆಯಾಗಲಿಲ್ಲ.

ಮಹಾರಾಜನ ಅಂಗಿ ಹಿಂದಿನ ವರ್ಷದ ಮಹಾರಾಜನ ಅಳತೆಯದು. ಆತ ಬಡಕಲು. ಈತ ಅದನ್ನು ತೊಟ್ಟು, ಪ್ರಜೆಗಳನ್ನು ಹರಸಲು ಕೈ ಎತ್ತಿದ್ದೇ ತಡ, ಕಂಕುಳಿಂದ ಸೊಂಟದ ತನಕ ಪರ್ ಅಂತ ಹರಿಯಿತು. ಸೂಜಿಯಮ್ಮನ ಟ್ರಂಕು ತೆರೆದಿತ್ತು. ಮೇಲೆಯೇ ಇತ್ತು ಅವಳ ಗಂಡನ ಬಿಳಿ ರೇಷ್ಮೆ ಅಂಗಿ.

ಗಂಡ ಹೋಗಿ ಹನ್ನೊಂದು ವರ್ಷ. ಆ ಅಂಗಿಯನ್ನು ಹೊಲಿದವಳು ಅವಳೇ. ಅವರು ಅದನ್ನು ಹಾಕಿದ್ದು ಎರಡೇ ಸಲ: ಫೋಟೋ ತೆಗೆಸಿಕೊಂಡಾಗ ಒಮ್ಮೆ, ಕೆಲಸದಿಂದ ನಿವೃತ್ತಿಯಾದಾಗ ಒಮ್ಮೆ. ಅವಳು ಎಲ್ಲಿಗೆ ಹೋದರೂ ಟ್ರಂಕು ಹೋಗುತ್ತಿತ್ತು, ಟ್ರಂಕಿನಲ್ಲಿ ಅಂಗಿ ಹೋಗುತ್ತಿತ್ತು.

ಮಹಾರಾಜ ಬಗ್ಗಿದ. ಅಂಗಿಯನ್ನು ಮುಟ್ಟಲಿಲ್ಲ, ಕಾಲರನ್ನು ಮಾತ್ರ ಎರಡು ಬೆರಳಲ್ಲಿ ಹಿಡಿದು ನೋಡಿದ. ಆಮೇಲೆ ಅವಳನ್ನು ಕೇಳಿದ ಮೊದಲ ಪ್ರಶ್ನೆ ಇದು:

"ಅಮ್ಮಾ, ಈ ಕಾಲರು ಹೊಲಿದ ಕೈ ಯಾವುದು?"

ನಲವತ್ತು ವರ್ಷ ಹೊಲಿದಿದ್ದಳು ಸೂಜಿಯಮ್ಮ. ಅಂಗಿಗೊಂದು ಕಾಲರಿದೆ ಅನ್ನುವುದನ್ನು ಗಂಡನೂ ಗಮನಿಸಿದವರಲ್ಲ. ಮುಖ ಕೆಂಪಾಯಿತು. ಮುದಿ ವಯಸ್ಸಿನಲ್ಲಿ ಇದೇನು ಅಂತ ತನ್ನನ್ನೇ ಬೈದುಕೊಂಡಳು. ಬೈದುಕೊಳ್ಳುತ್ತಲೇ ಅಂಗಿ ತೆಗೆದು ಕೊಟ್ಟಳು.

"ಕೊನೆಯ ಆಟ ಮುಗಿದ ಮೇಲೆ ಬೆಳ್ಳಗೆ ವಾಪಸು ಬರಬೇಕು."

"ಹಂಸದಂತೆ ಬರುತ್ತದೆ," ಅಂದ ಮಹಾರಾಜ.

ಅದಕ್ಕೆ ರಕ್ತ ಬೀಳುತ್ತದೆ ಅನ್ನುವುದು ಅವಳಿಗೆ ತಿಳಿದದ್ದು ಮರುದಿನ ಸಂಜೆ.

ನಾಟಕದ ಕೊನೆಯಲ್ಲಿ ಸೇನಾಪತಿ ಮಹಾರಾಜನನ್ನು ಇರಿಯುತ್ತಾನೆ. ಎದೆಯೊಳಗಿನ ರಬ್ಬರು ಚೀಲ ಒಡೆದು ರಕ್ತ ಹರಿಯುತ್ತದೆ. ರಕ್ತ ಅಂದರೆ ಬೀಟ್‌ರೂಟ್ ರಸ ಬೆರೆಸಿದ ಗಟ್ಟಿ ಸಕ್ಕರೆ ಪಾಕ; ನಿರ್ದೇಶಕರ ಸ್ವಂತ ಸಂಶೋಧನೆ. ಮಹಾರಾಜ ಸಾಯುತ್ತಾನೆ. ರಾಜಮಾತೆ ಓಡಿ ಬಂದು, "ಮಗನೇ, ನಾನೂ ಬಂದೆ" ಅಂತ ಹೇಳಿ, ಅವನ ಮೇಲೆ ಬಿದ್ದು ತಾನೂ ಸಾಯುತ್ತಾಳೆ. ಪರದೆ. ಪುಸ್ತಕದಲ್ಲಿ ಇರುವುದು ಇಷ್ಟೇ.

ಆದರೆ ಮಹಾರಾಜ ಪುಸ್ತಕ ನೋಡಿ ಸಾಯುವವನಲ್ಲ. ಇರಿತ ಬಿದ್ದ ಕೂಡಲೇ ಬೀಳಲಿಲ್ಲ. ಭೂಮಿಗೆ ಎರಡು ಮಾತು ಹೇಳಿದ, ಆಕಾಶಕ್ಕೆ ಮೂರು. ಬಿದ್ದ. 'ಸದ್ಯ' ಅಂತ ಸೂಜಿಯಮ್ಮ ಬದಿಯ ಪರದೆಯ ಹಿಂದೆ ಬಕೆಟ್ಟಿಗೆ ಕೈ ಹಾಕಿದಳು. ಎದ್ದ! ಸಿಂಹಾಸನದ ತನಕ ತೆವಳಿದ. ಅದರ ಧೂಳನ್ನು ಅಂಗೈಯಲ್ಲಿ ಒರೆಸಿದ. ಇಷ್ಟು ದಿನ ಕೂತವನು ಸಾಯುವಾಗ ಧೂಳು ಒರೆಸುವುದು! ವಾಪಸು ತೆವಳಿ, ಬೆಳಕು ಚೆನ್ನಾಗಿ ಬೀಳುವ ಜಾಗ ಹುಡುಕಿ, ಮತ್ತೆ ಬಿದ್ದ. ಸೂಜಿಯಮ್ಮನಿಗೆ ಅಕ್ಷರ ಅಷ್ಟಕ್ಕಷ್ಟೇ, ಆದರೆ ಟೇಪು ಹಿಡಿದ ಕೈಗೆ ಅಂಕಿ ಗಟ್ಟಿ. ಗಂಡನ ಕೈಗಡಿಯಾರ ನೋಡಿ ಲೆಕ್ಕ ಹಾಕಿದಳು. ಹನ್ನೊಂದು ನಿಮಿಷ.

ಅವಳ ಗಂಡ ಸತ್ತದ್ದನ್ನು ಅವಳು ಎದುರೇ ಕೂತು ನೋಡಿದ್ದಳು. ಚಹಾ ಕುಡಿದರು, ಲೋಟ ಕೆಳಗಿಟ್ಟರು, ಹೋದರು. ಲೋಟದ ಸದ್ದು ಕೂಡ ಆಗಲಿಲ್ಲ. ಸಾಯುವುದು ಅಂದರೆ ಹಾಗೆ. ಇವನದು ಸಾವಲ್ಲ, ಮನೆ ಖಾಲಿ ಮಾಡದ ಬಾಡಿಗೆದಾರನ ತಕರಾರು.

ತೊಂದರೆ ಇದ್ದದ್ದು ನೀರಿನದು. ಎಂಟು ಗಂಟೆಗೆ ಸರಿಯಾಗಿ ಕಾವಲುಗಾರ ಶಾಲೆಯ ಗಂಟೆ ಬಾರಿಸಿ ನೀರಿನ ವಾಲ್ವು ತಿರುಗಿಸುತ್ತಿದ್ದ. ಆಮೇಲೆ ಬೆಳಗಿನ ತನಕ ತೊಟ್ಟು ನೀರಿಲ್ಲ. ಪಾಕದ ಕಲೆಗೆ ಹರಿಯುವ ನೀರೇ ಬೇಕು, ಅದೂ ಹಸಿಯಿದ್ದಾಗ. ಒಮ್ಮೆ ಒಣಗಿತೋ, ರೇಷ್ಮೆ ಅದನ್ನು ಜನ್ಮಕ್ಕೆ ಬಿಡುವುದಿಲ್ಲ. ಬಕೆಟ್ಟಿನಲ್ಲಿ ಹಿಡಿದಿಟ್ಟು ನೋಡಿದಳು. ಸತ್ತವರೂ ಸಾಯಿಸಿದವರೂ ಒಟ್ಟಿಗೆ ಬಂದು ಅದರಲ್ಲೇ ಮುಖದ ಬಣ್ಣ ತೊಳೆದುಕೊಂಡರು. ಹೀಗಾಗಿ ದಿನಾ ಸಂಜೆ, ಚಪ್ಪಾಳೆ ನಿಲ್ಲುವ ಮೊದಲೇ ಅವಳು ಮಹಾರಾಜನ ಮೈಯಿಂದ ಅಂಗಿ ಸುಲಿದುಕೊಂಡು, ಅಂಗಳ ದಾಟಿ, ನಲ್ಲಿಯ ಹತ್ತಿರ ಓಡುತ್ತಿದ್ದಳು. ಅರವತ್ತೆಂಟು ವರ್ಷದ ಮಂಡಿ! ಗಂಟೆ ಬಾರಿಸುವಾಗ ಕೊನೆಯ ಕೆಂಪು ತೊಟ್ಟಿಯ ತೂತಿಗೆ ಇಳಿಯುತ್ತಿತ್ತು. ತೊಳೆದ ಅಂಗಿಯನ್ನು ಅಸ್ಥಿಪಂಜರದ ಭುಜಕ್ಕೆ ಹಾಕಿ ಒಣಗಿಸುತ್ತಿದ್ದಳು. ಅವನಿಗೆ ಅದು ಮಹಾರಾಜನಿಗಿಂತ ಚೆನ್ನಾಗಿ ಒಪ್ಪುತ್ತಿತ್ತು.

ದಿನಾ ಸಂಜೆ ಗುಂಡಿ ಹಾಕುವಾಗ ಅವಳು ತಪ್ಪದೆ ಕೇಳುತ್ತಿದ್ದಳು:

"ಸ್ವಾಮಿ, ಇವತ್ತು ತಾವು ಸಾಯೋದು ಎಷ್ಟು ಹೊತ್ತಿಗೆ?"

"ಅಮ್ಮಾ, ಕಲಾವಿದ ಗಡಿಯಾರ ನೋಡಿ ಸಾಯೋದಿಲ್ಲ. ಜನ ಬಿಡಬೇಕು. ಅವರ ಕಣ್ಣು ನನ್ನ ಮೇಲಿರುವಾಗ ಹೇಗೆ ಸಾಯಲಿ?"

"ಕಣ್ಣು ಮುಚ್ಚಿಕೊಂಡು ಸಾಯಿರಿ."

"ನಿಮಗೆ ತಿಳಿಯೋದಿಲ್ಲ ಬಿಡಿ. ನೀವು ಯಾವತ್ತೂ ಬೆಳಕಿನಲ್ಲಿ ನಿಂತವರಲ್ಲ."

"ನಿಲ್ಲೋ ದರಿದ್ರವೂ ನನಗೆ ಬೇಡ," ಅನ್ನುತ್ತಿದ್ದಳು ಸೂಜಿಯಮ್ಮ, ಕಾಲರಿನ ಗುಂಡಿಯನ್ನು ಬೇಕಾದದ್ದಕ್ಕಿಂತ ಬಿಗಿಯಾಗಿ ಹಾಕಿ.

ಇನ್ನು ಬಿಡಾರದ ಬಾಳು. ಇಡೀ ಕಂಪನಿಗೆ ಇದ್ದದ್ದು ಒಂದೇ ಬಚ್ಚಲು. ಯಾರು ಎಷ್ಟೊತ್ತಿಗೆ ಅಂತ ನಿರ್ದೇಶಕರು ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರು. ಮಹಾರಾಜನಿಗೆ ಹತ್ತು ನಿಮಿಷ. ಒಳಗೆ ಹೋದವನು ಮೊದಲು ಗಂಟಲು ಗಳಗಳ ಮಾಡಿ, ಆಮೇಲೆ ಯುದ್ಧ ಘೋಷಿಸಿ, ಸೋಪು ಜಾರಿ ಬಿದ್ದರೆ ಅದಕ್ಕೂ ಶಾಪ ಹಾಕಿ, ಮುಕ್ಕಾಲು ಗಂಟೆಗೆ ಹೊರಬರುತ್ತಿದ್ದ. ಊಟಕ್ಕೆ ಕೂತರೆ ಉಪ್ಪು ಕೇಳುವುದೂ ಕಳೆದುಹೋದ ರಾಜ್ಯವನ್ನು ಕೇಳಿದ ಹಾಗೆ.

"ಉಪ್ಪು! ಉಪ್ಪು ಎಲ್ಲಿ?"

"ನಿಮ್ಮ ಮೊಣಕೈ ಹತ್ತಿರ," ಅನ್ನುತ್ತಿದ್ದಳು ರಾಜಮಾತೆ. "ಕಣ್ಣು ಕಾಣಲ್ವಾ? ವಯಸ್ಸಾಯ್ತು ಅಂತ ಒಪ್ಕೊಳ್ಳಿ."

"ತಾಯಿಯೇ, ಮಗನ ಮೇಲೆ ಇಷ್ಟು ಸಿಟ್ಟೇ?"

"ತಾಯಿ ಅಂದ್ರೆ ತಟ್ಟೆ ಎತ್ತಿ ಹೊಡೀತೀನಿ. ನಾನು ನಿಮಗಿಂತ ಎಂಟು ವರ್ಷ ಚಿಕ್ಕವಳು!"

ಇವರ ಮಧ್ಯೆ ಸೂಜಿಯಮ್ಮ ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಇಡೀ ದಿನ ತಮ್ಮನ್ನು ಯಾರಾದರೂ ನೋಡುತ್ತಿರಬೇಕು, ಇಲ್ಲದಿದ್ದರೆ ಉಸಿರಾಡಲಾರರು. ಇಂಥ ಜನರ ಕಾಲರು ತಿದ್ದಿ ಬದುಕುವ ಗತಿ ತನಗೆ ಬಂತಲ್ಲ ಅಂತ ಅಸ್ಥಿಪಂಜರದ ಹತ್ತಿರ ಹೇಳಿಕೊಳ್ಳುತ್ತಿದ್ದಳು. ಅವನು ಹಲ್ಲು ಬಿಟ್ಟುಕೊಂಡು ಒಪ್ಪುತ್ತಿದ್ದ.

ಮೂವತ್ತೈದು ಆಟಗಳು ಹೀಗೆ ಮುಗಿದವು. ಮೂವತ್ತೈದು ಸಲವೂ ಅಂಗಿ ಬೆಳ್ಳಗೆ ಬಂತು. ಉಳಿದದ್ದು ಒಂದೇ ಸಂಜೆ.

ಆ ದಿನ ನಾಲ್ಕು ಗಂಟೆಗೆ ಏಳನೆಯ ತರಗತಿಯ ಬಾಗಿಲು ಒಳಗಿನಿಂದ ಚಿಲಕ ಹಾಕಿಕೊಂಡಿತು.

"ನಾನು ಬರಲ್ಲ!" ಅಂದಳು ರಾಜಮಾತೆ ಒಳಗಿನಿಂದ. "ಮೂವತ್ತೈದು ದಿನ ಇವರು ಸಾಯೋದನ್ನ ನಿಂತು ಕಾದೆ. ಇವರು ಸಾಯೋ ಹೊತ್ತಿಗೆ ಜನ ಚಪ್ಪಲಿ ಹಾಕ್ಕೊಂಡಿರ್ತಾರೆ. ನನ್ನ ಸಾವು ಯಾರು ನೋಡ್ತಾರೆ? ಚಪ್ಪಲಿ ನೋಡ್ಕೊಂಡು ನಾನು ಸಾಯಬೇಕಾ?"

ನಿರ್ದೇಶಕರು ಬೇಡಿಕೊಂಡರು. ಮಹಾರಾಜ ಬಾಗಿಲಿಗೆ ಒಂದು ಭಾಷಣ ಮಾಡಿದ. ಅದಾದ ಮೇಲೆ ಎರಡನೆಯ ಚಿಲಕವೂ ಬಿತ್ತು. ಕೊನೆಗೆ ನಿರ್ದೇಶಕರು ಪ್ರಯೋಗಶಾಲೆಗೆ ಓಡಿಬಂದರು.

"ಸೂಜಿಯಮ್ಮಾ, ನೀವೇ ಕಾಪಾಡಬೇಕು. ಮೂರೇ ಮಾತು. 'ಮಗನೇ, ನಾನೂ ಬಂದೆ.' ದಿನಾ ಕೇಳಿದ್ದೀರಿ. ಹೇಳಿ ಬಿದ್ದುಬಿಡಿ. ನೀವು ಬಿದ್ದ ತಕ್ಷಣ ನಾನು ಪರದೆ ಎಳೀತೀನಿ."

"ನಾನು ಆ ವೇಷಗಾರರ ಸಾಲಿಗೆ ಸೇರೋಳಲ್ಲ."

"ಸೇರಬೇಡಿ. ಬಿದ್ದರೆ ಸಾಕು."

ಸೂಜಿಯಮ್ಮ ದಾರ ಕಚ್ಚಿ ತುಂಡು ಮಾಡಿದಳು. ಯೋಚಿಸಿದಳು.

"ಹಾಗಿದ್ರೆ ಅವರು ಇವತ್ತು ಎರಡು ನಿಮಿಷದಲ್ಲಿ ಸಾಯಬೇಕು. ಇವತ್ತು ಅಂಗಿ ನನ್ನ ಟ್ರಂಕಿಗೆ ವಾಪಸು ಹೋಗೋ ದಿನ. ಎಂಟಕ್ಕೆ ಮೊದಲು ನಾನು ನಲ್ಲಿ ಹತ್ರ ಇರಬೇಕು."

ಮಹಾರಾಜನನ್ನು ಕರೆಸಿದರು. ಎರಡು ನಿಮಿಷ ಅಂದಾಗ ಅವನ ಮುಖ ಸಣ್ಣದಾಯಿತು. ಆದರೆ ತಾಯಿಯೇ ಇಲ್ಲದೆ ಸತ್ತರೆ ಕೊನೆಯ ದೃಶ್ಯವೇ ಇಲ್ಲ. ಎದೆಯ ಮೇಲೆ ಕೈಯಿಟ್ಟು ಮಾತು ಕೊಟ್ಟ. ಅವನ ಮಾತಿನ ಮೇಲೆ ಸೂಜಿಯಮ್ಮನಿಗೆ ಎಷ್ಟು ನಂಬಿಕೆಯಿತ್ತು ಅಂದರೆ, ಗಂಡನ ಗಡಿಯಾರಕ್ಕೆ ಅವನೆದುರೇ ಕೀ ಕೊಟ್ಟುಕೊಂಡಳು.

ಅನ್ಯಾಯವಾಗಿ ಹೇಳಬಾರದು, ಮಹಾರಾಜ ಮಾತು ಉಳಿಸಿಕೊಂಡ. ಏಳೂವರೆ ದಾಟಿ ಐದು ನಿಮಿಷಕ್ಕೆ ಇರಿತ ಬಿತ್ತು. ರಕ್ತ ಹರಿಯಿತು. ಭೂಮಿಗೆ ಒಂದು ಮಾತು ಹೇಳಿ, ಆಕಾಶವನ್ನು ಸುಮ್ಮನೆ ಒಮ್ಮೆ ನೋಡಿ, ಧೊಪ್ಪೆಂದು ಬಿದ್ದ. ಒಂದೂ ಮುಕ್ಕಾಲು ನಿಮಿಷ! ಏಳು ಮೂವತ್ತೇಳಕ್ಕೆಲ್ಲ ಹೆಣ. ಸೂಜಿಯಮ್ಮ ತೃಪ್ತಿಯಿಂದ, ನೆರಳಿನಿಂದ ಬೆಳಕಿಗೆ ಕಾಲಿಟ್ಟಳು.

"ಮಗನೇ," ಅಂದಳು.

ಸಭಾಂಗಣ ಗಪ್ಪಾಯಿತು. ಒಬ್ಬರೂ ಚಪ್ಪಲಿ ಹುಡುಕುತ್ತಿರಲಿಲ್ಲ. ಸೊಂಟ ಬಗ್ಗಿದ ನಿಜವಾದ ಮುದುಕಿ, ಬಣ್ಣವಿಲ್ಲದ ಮುಖ, ನೀರು ತುಂಬಿದ ಕಣ್ಣು. (ನೀರು ಬಂದದ್ದು ದೀಪದ ಬೆಳಕಿಗೆ.) ಮೂರನೆಯ ಸಾಲಿನಲ್ಲಿ ಒಬ್ಬ ದಪ್ಪನೆಯ ಗಂಡಸು ಕರವಸ್ತ್ರ ತೆಗೆದ.

ಸೂಜಿಯಮ್ಮ ಆ ಕರವಸ್ತ್ರ ನೋಡಿದಳು. ಆತ ಅದನ್ನು ಕಣ್ಣಿನ ತನಕ ಒಯ್ದಿದ್ದ. ಈಗ ಇನ್ನೆರಡೇ ಮಾತಾಡಿ ಬಿದ್ದುಬಿಟ್ಟರೆ ಅವನಿಗೆ ಮೋಸ ಮಾಡಿದಂತೆ ಅನ್ನಿಸಿತು. ಒಂದು ಮಾತು ಹೆಚ್ಚು ಹೇಳಿದರೆ ಏನಾಯಿತು? ಗಂಟೆಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು.

"ಈ ಅಂಗಿ ಯಾರದು ಗೊತ್ತೇನೋ, ಮಗನೇ?" ಅಂದಳು.

ಬದಿಯಲ್ಲಿ ನಿರ್ದೇಶಕರ ಬಾಯಿ ತೆರೆಯಿತು. ಪುಸ್ತಕದಲ್ಲಿ ಅಂಗಿಯ ಮಾತೇ ಇರಲಿಲ್ಲ.

"ನಿಮ್ಮಪ್ಪಂದು ಕಣೋ. ಎರಡೇ ಸಲ ಹಾಕಿದ್ರು. ಕಾಲರು ನಾನೇ ಹೊಲಿದೆ. ಒಂದು ದಿನ ಆದ್ರೂ ಚೆನ್ನಾಗಿದೆ ಅಂದ್ರಾ? ಅನ್ನಲಿಲ್ಲ. ಚಹಾ ಕುಡಿದ್ರು. ಲೋಟ ಇಟ್ರು. ಹೋದ್ರು. ಲೋಟ ಸದ್ದಾದ್ರೂ ಮಾಡಬಾರದಿತ್ತಾ..."

ಎಲ್ಲೋ ಹಿಂದಿನ ಸಾಲಿನಲ್ಲಿ ಹೆಂಗಸೊಬ್ಬಳು ಬಿಕ್ಕಿದಳು. ಆ ಬಿಕ್ಕು ಸೂಜಿಯಮ್ಮನ ಬೆನ್ನು ನೆಟ್ಟಗೆ ಮಾಡಿತು. ಹನ್ನೊಂದು ವರ್ಷ ಯಾರಿಗೂ ಹೇಳದ ಮಾತುಗಳು ಒಂದರ ಹಿಂದೆ ಒಂದು ಬಂದವು. ಹೇಳುತ್ತಾ ಹೇಳುತ್ತಾ ಸಿಂಹಾಸನದ ತನಕ ನಡೆದಳು. ಅದರ ಕೈ ಮೇಲೆ ಧೂಳಿತ್ತು, ಅಂಗೈಯಲ್ಲಿ ಒರೆಸಿದಳು. (ನಿಜಕ್ಕೂ ಇತ್ತು. ಬೇರೆಯವರ ಹಾಗೆ ಸುಮ್ಮನೆ ಒರೆಸಿದ್ದಲ್ಲ.) ವಾಪಸು ಬಂದಳು, ಬೆಳಕು ಎಲ್ಲಿ ಚೆನ್ನಾಗಿ ಬೀಳುತ್ತದೋ ಅಲ್ಲಿಗೆ. ಮಹಾರಾಜನ ಪಕ್ಕ ಕೂತಳು. ಅವನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಗಂಡನ ಕಾಲರನ್ನು ಸವರುತ್ತಾ ತನ್ನ ಬಾಲ್ಯದಿಂದ ಕತೆ ಶುರುಮಾಡಿದಳು.

ಪರದೆಯ ಹಗ್ಗ ನಿರ್ದೇಶಕರ ಕೈಯಲ್ಲೇ ಇತ್ತು. ಆದರೆ ಅವರು ಆ ಕೈಯ ತೋಳಿನಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ಪಕ್ಕದಲ್ಲಿ, ಎರಡೂ ಚಿಲಕ ತೆಗೆದು ಬಂದ ರಾಜಮಾತೆ ಹೊಟ್ಟೆಕಿಚ್ಚಿನಿಂದ ಬಿಕ್ಕುತ್ತಿದ್ದಳು.

ಅಂಗಳದಲ್ಲಿ ಗಂಟೆ ಬಾರಿಸಿತು. ಢಣ್, ಢಣ್, ಎಂಟು ಸಲ. ಕಾವಲುಗಾರ ವಾಲ್ವಿನ ಕಡೆ ನಡೆಯುತ್ತಿದ್ದಾನೆ ಅನ್ನುವುದು ಸೂಜಿಯಮ್ಮನಿಗೆ ಗೊತ್ತಿತ್ತು. ಈಗ ಬಿದ್ದು, ಎದ್ದು, ಓಡಿದರೂ ಒಂದು ಚೊಂಬು ನೀರು ಸಿಗುತ್ತಿತ್ತೇನೋ. ಅವಳು ಮೂರನೆಯ ಸಾಲಿನ ಕರವಸ್ತ್ರ ನೋಡಿದಳು. ಈಗ ಅದು ಪೂರ್ತಿ ಒದ್ದೆಯಾಗಿತ್ತು.

"ಗಂಟೆ ಬಾರಿಸಿತು, ಮಗನೇ!" ಎಂದು ಕೈಯೆತ್ತಿ ಕೂಗಿದಳು.

ಸಭಾಂಗಣಕ್ಕೆ ಸಭಾಂಗಣವೇ ಉಸಿರೆಳೆದುಕೊಂಡಿತು.

ಆಗ ಅವಳ ತೊಡೆಯ ಮೇಲಿದ್ದ ಹೆಣ, ಕಣ್ಣು ತೆರೆಯದೆ, ತುಟಿ ಅಲುಗಿಸದೆ, ಹಲ್ಲಿನ ಸಂದಿಯಿಂದ ಅವಳನ್ನು ಕೇಳಿತು. ಅವನು ಅವಳನ್ನು ಕೇಳಿದ ಕೊನೆಯ ಪ್ರಶ್ನೆ ಅದೇ:

"ಅಮ್ಮಾ, ಅಂಗಿ ಒಣಗಿ ಹಪ್ಪಳ ಆಯ್ತು. ಪಾಕಕ್ಕೆ ಇರುವೆ ಹತ್ತಿ ಕಂಕುಳ ತನಕ ಬಂದಿದೆ. ತಾವು ಸಾಯೋದು ಎಷ್ಟು ಹೊತ್ತಿಗೆ?"